ನಮ್ಮತ್ತೆಯ ಸ್ವಂತ ಕಪ್

ನಮ್ಮತ್ತೆ ಎರಡೂ ಅಂಗೈ ಕೂಡಿಸಿ ಬೊಗಸೆ ಮಾಡಿದರೆ ಅದರಿಂದ ಒಂದು ಹನಿ ನೀರು ಸೋರುತ್ತಿರಲಿಲ್ಲ. ಕಿರುಬೆರಳು ಕಿರುಬೆರಳಿನ ಮೇಲೆ ಬಿಗಿಯಾಗಿ ಕೂತು, ಮಣಿಕಟ್ಟುಗಳು ಒಂದಕ್ಕೊಂದು ಅಂಟಿಕೊಂಡು, ಆ ಕೈ ಒಂದು ಪಾತ್ರೆಯೇ ಆಗಿಬಿಡುತ್ತಿತ್ತು. ಕೇರಿಯ ಮಕ್ಕಳೆಲ್ಲ ಸೇರಿ ತಂಬಿಗೆಯಿಂದ ಅದರಲ್ಲಿ ನೀರು ಸುರಿದು, "ಅತ್ತಿ, ಹುಣಸಿ ಗಿಡದ ತನಕ ಹೋಗಿ ಬಾ ನೋಡೂಣು" ಎನ್ನುತ್ತಿದ್ದೆವು. ಅವಳು ಹೋಗಿ ಬರುತ್ತಿದ್ದಳು. ನೀರು ಹಾಗೇ ಇರುತ್ತಿತ್ತು. ಅದನ್ನು ಗಟಗಟ ಕುಡಿದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ನೀರು ಹಿಂಗ ಕುಡೀಬೇಕು. ನಿಮ್ಮವ್ವಗೋಳಿಗೆ ಬರಂಗಿಲ್ಲ, ಅರ್ಧ ಮೊಣಕೈಯಿಂದ ಇಳದು ಹೊಕ್ಕಾವು" ಎಂದು ಬೀಗುತ್ತಿದ್ದಳು.

ಆಗ ಅದು ನನಗೆ ಜಾದೂ ಅನ್ನಿಸುತ್ತಿತ್ತು. ದೊಡ್ಡವಳಾದ ಮೇಲೆ ಆ ವಿದ್ಯೆ ಅವಳಿಗೆ ಎಲ್ಲಿಂದ ಬಂತೆಂದು ತಿಳಿಯಿತು. ಯಾರೋ ಮೇಲಿನಿಂದ ಸುರಿಯಬೇಕು, ಇವಳು ಬಗ್ಗಿ ಕುಡಿಯಬೇಕು, ಅವರ ಅಂಗಳದಲ್ಲಿ ಹನಿ ಬೀಳಬಾರದು. ಇಡೀ ಆಯುಷ್ಯ ಅದೇ ಅಭ್ಯಾಸ. ಬೆಂಕಿ ಹಚ್ಚಬೇಕು ಅಂಥ ವಿದ್ಯೆಗೆ. ಆದರೆ ಅವಳಿಗೆ ಅದರ ಮೇಲೆ ಎಷ್ಟು ಅಭಿಮಾನವಿತ್ತೆಂದರೆ, ಸಾಯುವ ಮುಂಚೆ ನನಗೂ ಕಲಿಸಬೇಕೆಂದು ಹಟ ಹಿಡಿದಿದ್ದಳು.

ಅವಳು ನಮ್ಮಪ್ಪನ ಅಕ್ಕ. ಗಂಡ ಸತ್ತ ಮೇಲೆ ಮಗನನ್ನು ಕಟ್ಟಿಕೊಂಡು ತವರಿಗೆ ಬಂದವಳು, ನಮ್ಮ ಪಕ್ಕದ ಮನೆಯಲ್ಲೇ ಉಳಿದಳು. ನಮ್ಮೂರು ಕೃಷ್ಣೆಯ ದಂಡೆಗಿದೆ. ಕಾಗವಾಡದಿಂದ ಉಗಾರದ ಕಡೆ ಹೋಗುವ ಬಸ್ಸಿನಲ್ಲಿ ಕೂತರೆ ಎಡಕ್ಕೂ ಕಬ್ಬು, ಬಲಕ್ಕೂ ಕಬ್ಬು. ನಮ್ಮೂರ ಹತ್ತಿರ ಬಂದಾಗ ಕಾಣುವ ಕಬ್ಬೆಲ್ಲ ಬಹುತೇಕ ಒಂದೇ ಮನೆಯದು. ಆ ಮನೆಗೆ ಊರವರು ವಾಡೆ ಎನ್ನುತ್ತಾರೆ. ಅತ್ತೆ ಮಾತ್ರ "ನಮ್ಮ ವಾಡೆ" ಎನ್ನುತ್ತಿದ್ದಳು. ಅಲ್ಲಿ ಅವಳದೇನಿತ್ತು ಅಂತೀರಿ? ಸಗಣಿ, ಕಸಬರಿಗೆ, ಹಿತ್ತಿಲಲ್ಲಿ ರಾಶಿ ಬಿದ್ದ ಮುಸುರೆ ಪಾತ್ರೆ. ಒಳಗೆ ಹೋಗುತ್ತಿದ್ದುದು ಹಿಂದಿನ ಬಾಗಿಲಿನಿಂದ, ಅದೂ ದನದ ಕೊಟ್ಟಿಗೆಯವರೆಗೆ. ಮುಂದಿನ ಬಾಗಿಲಿರುವ ಓಣಿಯಲ್ಲಿ ಹೋಗಬೇಕಾಗಿ ಬಂದರೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಅದೇ ಓಣಿಯಲ್ಲಿ ಕೇರಿಯ ಹುಡುಗರು ಮೋಟರ್ ಸೈಕಲ್ಲಿನ ಹಾರ್ನ್ ಹೊಡೆಯುತ್ತ ಹೋಗುವ ಕಾಲ ಇದು.

"ಈಗ ಯಾರು ಕೇಳ್ತಾರತ್ತಿ, ಹಾಕ್ಕೊಂಡ ಹೋಗು" ಎಂದೆ ಒಮ್ಮೆ.

"ಕೇಳಿದ ಮ್ಯಾಲ ತಗದ್ರ ಅದೇನು ಮರ್ಯಾದಿ ಬೇ?" ಅಂದಳು. ಯಾರೂ ಕೇಳದಿದ್ದರೂ ತಾನೇ ಬಿಚ್ಚುವುದರಲ್ಲಿ ಅವಳಿಗೊಂದು ದೊಡ್ಡಸ್ತಿಕೆ ಕಾಣುತ್ತಿತ್ತು. ನನಗೆ ಮೈ ಉರಿಯುತ್ತಿತ್ತು.

ಕೊಟ್ಟಿಗೆಯ ಗೋಡೆಯಲ್ಲೊಂದು ಗೂಡಿತ್ತು. ಅದರಲ್ಲಿ ಆಳುಗಳ ಕಪ್‌ಗಳು. ಅವರವರ ಕಪ್ ಅವರೇ ತೊಳೆದು ಬೋರಲು ಹಾಕಬೇಕು. ಅತ್ತೆಯದು ಬಿಳಿಯ ಪಿಂಗಾಣಿಯದು, ಮೇಲೆ ನೀಲಿ ಹೂವು, ಹಿಡಿಯುವ ಕಿವಿ ಮುರಿದು ಮೋಟು ಮಾತ್ರ ಉಳಿದಿತ್ತು. ಆ ಕಿವಿಯ ಕಥೆಯನ್ನು ಅವಳು ಹೇಳದ ಮನೆ ನಮ್ಮ ಕೇರಿಯಲ್ಲಿಲ್ಲ. ಸಾಹುಕಾರರ ಮಗ, ಅಂದರೆ ಊರು ಈಗ ಸಣ್ಣ ಸಾಹುಕಾರ ಎನ್ನುವ ಮನುಷ್ಯ, ಚಿಕ್ಕವನಿದ್ದಾಗ ಚೆಂಡು ಹೊಡೆದು ಅದನ್ನು ಮುರಿದಿದ್ದನಂತೆ. "ಇದರ ಕಿವಿ ಮುರದಾವ್ರು ಸಣ್ಣ ಸಾವಕಾರ್ರು" ಎನ್ನುವಾಗ ಅವಳ ಮುಖ ನೋಡಬೇಕಿತ್ತು. ಮದುವೆಯಲ್ಲಿ ಆಹೇರಿನ ಉಡುಗೊರೆ ಬಂದವಳ ಮುಖ. "ಊರಾಗ ಯಾರಿಗೈತಿ ವಾಡೇದಾಗ ಸ್ವಂತ ಕಪ್? ನಿಮ್ಮಪ್ಪಗೈತೇನು?" ಎಂದು ನನ್ನನ್ನೇ ಕೇಳುತ್ತಿದ್ದಳು.

ಇಲ್ಲ, ನಮ್ಮಪ್ಪನಿಗಿರಲಿಲ್ಲ. ಅಪ್ಪ ಆ ಮನೆಯ ಚಹಾ ಬಿಟ್ಟು ಎಷ್ಟೋ ಕಾಲವಾಗಿತ್ತು. ದೇವರ ಜಗುಲಿಯ ಮೂರ್ತಿಗಳನ್ನು ಹೊಳೆಗೆ ಬಿಟ್ಟು, ಗೋಡೆಗೆ ಬುದ್ಧನ ಫೋಟೊ ಹಾಕಿದ ದಿನ ಅಕ್ಕನನ್ನು ಕರೆದು ತೋರಿಸಿದ. ಅವಳು ಬಹಳ ಹೊತ್ತು ನೋಡಿ, "ವಾಡೇದಾಗ ಕೇಳಿದಿ?" ಅಂದಳು. ಅಪ್ಪ ಮೊಳೆ ಹೊಡೆದ ಸುತ್ತಿಗೆಯನ್ನು ಕೆಳಗಿಟ್ಟು ಹೊರಗೆ ಹೋಗಿಬಿಟ್ಟ.

ಸಣ್ಣ ಸಾಹುಕಾರನ ಕೈಗೆ ಆಡಳಿತ ಬಂದಾಗ ಅವನು ಸುಧಾರಣೆ ತಂದ. ಪುಣೆಯಲ್ಲಿ ಓದಿದವನು, ಅಥಣಿಯ ಕಡೆ ದ್ರಾಕ್ಷಿ ತೋಟ ಮಾಡಿದವನು, ಭಾಷಣ ಮಾಡುವವನು. ಗೂಡಿನಲ್ಲಿದ್ದ ಕಪ್‌ಗಳನ್ನೆಲ್ಲ ತಿಪ್ಪೆಗೆ ಹಾಕಲು ಹೇಳಿದ. "ಇನ್ನ ಮ್ಯಾಲ ಯಾರಿಗೂ ಬ್ಯಾರೆ ಕಪ್ ಇಲ್ಲ. ಎಲ್ಲಾರಿಗೂ ಪೇಪರ್ ಕಪ್, ಯೂಸ್ ಅಂಡ್ ಥ್ರೋ" ಎಂದು ಸಾರಿದ. ಎಲ್ಲಾರಿಗೂ ಅಂದರೆ ಕೊಟ್ಟಿಗೆಯ ಕಡೆಯವರಿಗೆ. ಒಳಗಿನವರು ಸ್ಟೀಲಿನಲ್ಲೇ ಕುಡಿಯುತ್ತಿದ್ದರು. ಎಂಥ ಚಾಲಾಕಿ ನೋಡಿ! ಬೇರೆ ಕಪ್ ಇಟ್ಟರೆ ಕಾನೂನು ಹಿಡಿಯುತ್ತದೆ, ಕಾಗದದ ಕಪ್ ಕೊಟ್ಟರೆ ಸ್ವಚ್ಛತೆ ಆಗುತ್ತದೆ.

ಬಾಯಿ ತೆಗೆದವಳು ನಮ್ಮತ್ತೆ ಒಬ್ಬಳೇ. ಆ ಮನೆಯಲ್ಲಿ ಅವಳು ಎದುರು ಮಾತಾಡಿದ್ದು ಜನ್ಮದಲ್ಲಿ ಅದೊಂದೇ ಸಲ. "ಸಾವಕಾರ್ರ, ನನ್ನ ಕಪ್ ಒಗೀಬ್ಯಾಡ್ರಿ. ನಾ ಕಾಗದದಾಗ ಕುಡಿಯೋ ಮನಷ್ಯಾಳಲ್ಲ." ಅವನು ನಕ್ಕು, ಆಗಲಿ ಅಂದನಂತೆ. ಮನೆಗೆ ಬಂದು ಅದನ್ನು ಗೆದ್ದವಳ ಹಾಗೆ ಹೇಳಿದಳು. ಒಂದು ಸಲ ದನಿ ಎತ್ತಿದ್ದಳು, ಅದೂ ಯಾತಕ್ಕೆ? ನಾನು ಅವತ್ತು ಅವಳ ಜೊತೆ ಊಟಕ್ಕೆ ಕೂರಲಿಲ್ಲ.

ಅವಳನ್ನು ಬಿಟ್ಟು ಬಿಡೋಣವೆಂದರೆ ಅದೂ ಆಗುವಂತಿರಲಿಲ್ಲ. ನಮ್ಮವ್ವ ಕಬ್ಬು ಕಡಿಯುವ ಟೋಳಿಯ ಜೊತೆ ಹೋದಾಗಲೆಲ್ಲ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಸಾಹುಕಾರರ ಮಗಳು ಓದಿ ಬಿಸಾಡಿದ ಪುಸ್ತಕಗಳನ್ನು ಕೇಳಿ, ಬೇಡಿ, ಸೆರಗಿನಲ್ಲಿ ಕಟ್ಟಿಕೊಂಡು ತರುತ್ತಿದ್ದಳು. ಮೊದಲ ಪುಟದಲ್ಲಿ ಆ ಹುಡುಗಿಯ ಹೆಸರು ಗುಂಡುಗುಂಡಗೆ ಬರೆದಿರುತ್ತಿತ್ತು. ನಾನು ಅದರ ಮೇಲೆ ಕಾಗದ ಅಂಟಿಸಲು ಹೋದರೆ ಅತ್ತೆ ಕೈ ಹಿಡಿಯುತ್ತಿದ್ದಳು: "ಇರಲಿ ಬೇ. ಅವರ ಹೆಸರು ನೋಡಿದ್ರ ಯಾರದು ಅನ್ನೂದು ನೆನಪಿರ್ತೈತಿ." ನಾನು ಎಂ.ಎ. ಓದಿದ್ದು ಆ ಪುಸ್ತಕಗಳಿಂದ ಶುರುವಾದದ್ದು. ಈ ಸಾಲು ಬರೆಯುವಾಗಲೂ ಹಲ್ಲು ಕಚ್ಚುತ್ತಿದ್ದೇನೆ.

ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ಚಿಕ್ಕೋಡಿಯ ಪ್ರಾಧ್ಯಾಪಕರೊಬ್ಬರು ತಮ್ಮ ಸಂಶೋಧನೆಗೆ ಸಹಾಯಕಿಯಾಗಿ ಕರೆದರು. ಅವರನ್ನು ಸರ್ ಎಂದಷ್ಟೇ ಕರೆಯುತ್ತೇನೆ, ಅವರಿಗೆ ಅದಕ್ಕಿಂತ ಇಷ್ಟವಾದ ಹೆಸರು ಇನ್ನೊಂದಿರಲಿಲ್ಲ. ತಮ್ಮನ್ನು ಕೆಳಗಿಟ್ಟ ವ್ಯವಸ್ಥೆಯನ್ನು ಜನ ತಾವೇ ಯಾಕೆ ಸಮರ್ಥಿಸುತ್ತಾರೆ, ಎಷ್ಟು ಗಟ್ಟಿಯಾಗಿ ಸಮರ್ಥಿಸುತ್ತಾರೆ ಎಂದು ಅಳೆಯುವುದು ಅವರ ವಿಷಯ. "ಎಲ್ಲಾ ಅಳೀಬಹುದು ನೋಡ್ರಿ. ಪ್ರಶ್ನೆ ಬರೋಬರ ಇರಬೇಕು ಅಷ್ಟ" ಎನ್ನುತ್ತಿದ್ದರು. ಪ್ರಶ್ನೆ ಅಂದರೆ ವಾಕ್ಯಗಳು. 'ಈ ಊರಿನಲ್ಲಿ ಯಾರಿಗೆ ಏನು ಸಿಗಬೇಕೋ ಅದೇ ಸಿಕ್ಕಿದೆ.' 'ದೊಡ್ಡವರು ದೊಡ್ಡವರಾಗಿರುವುದಕ್ಕೆ ಕಾರಣವಿದೆ.' 'ಈಗ ಹೇಗಿದೆಯೋ ಹಾಗೇ ಇದ್ದರೆ ಎಲ್ಲರಿಗೂ ಒಳ್ಳೆಯದು.' ಇವನ್ನು ನಾನು ಓದಿ ಹೇಳಬೇಕು, ಎದುರಿನವರು ಎಷ್ಟು ಒಪ್ಪುತ್ತಾರೆಂದು ತಿಳಿದುಕೊಳ್ಳಬೇಕು. ಅಂಕಿ ಹೇಳಿದರೆ ಓದು ಬಾರದವರಿಗೆ ಗೊಂದಲ, ಅದಕ್ಕೆ ಸರ್ ಐದು ಸ್ಟೀಲ್ ಗ್ಲಾಸುಗಳ ಉಪಾಯ ಮಾಡಿದ್ದರು. ಮೊದಲನೆಯದು ಖಾಲಿ, ಆಮೇಲಿನವುಗಳಲ್ಲಿ ನೀರು ಏರುತ್ತ ಹೋಗಿ ಕೊನೆಯದು ತುಂಬಿದ್ದು. ಒಪ್ಪಿಗೆ ಎಷ್ಟೋ ಅಷ್ಟು ನೀರಿನ ಗ್ಲಾಸು ತೋರಿಸಬೇಕು.

ಆ ಗ್ಲಾಸುಗಳನ್ನು ಚೀಲದಲ್ಲಿ ಖಣಖಣ ಅನ್ನಿಸುತ್ತ ರಾಯಬಾಗ, ಅಥಣಿಯ ಹಳ್ಳಿಗಳನ್ನೆಲ್ಲ ಸುತ್ತಿದೆ. ನಿಪ್ಪಾಣಿಯಲ್ಲಿ ಬೀಡಿ ಸುತ್ತುವ ಹೆಂಗಸರು ಕೈ ಬಿಡುವಿಲ್ಲದೆ ಗದ್ದದಿಂದಲೇ ಗ್ಲಾಸು ತೋರಿಸುತ್ತಿದ್ದರು. ಒಬ್ಬಳು ಮಾತ್ರ, "ಖಾಲಿ ಇದ್ದದ್ದು ನಂದು, ತುಂಬಿದ್ದು ಸೇಟಜೀದು. ಮುಗೀತಲ್ಲ, ಇದಕ್ಕ ಇಷ್ಟು ದೂರ ಬಂದಿ?" ಎಂದು ಎಲೆ ಕತ್ತರಿಸುತ್ತ ನಕ್ಕಳು. ಉಳಿದವರೂ ನಕ್ಕರು. ಸರ್‌ಗೆ ಆ ನಗು ಸೇರಲಿಲ್ಲ. ಅವಳ ಉತ್ತರ ಲೆಕ್ಕಕ್ಕೆ ಬರುವುದಿಲ್ಲ ಎಂದರು.

ನಮ್ಮೂರಿಗೆ ಬಂದ ದಿನ ಸರ್‌ಗೆ ಮಧ್ಯಾಹ್ನದ ಊಟ ವಾಡೆಯಲ್ಲಿ. ಸರ್ ಒಳಗೆ ಮೇಜಿನ ಮುಂದೆ, ಜೀಪಿನ ಡ್ರೈವರ್ ಕೂಡ ಒಳಗೆ. ನನಗೆ ಹೊರಗಿನ ಕಟ್ಟೆಯ ಮೇಲೆ ಥರ್ಮಾಕೋಲ್ ತಟ್ಟೆ. ಡ್ರೈವರನ ಜಾತಿ ಹೇಳುವ ಅಡ್ಡಹೆಸರು ಅವರಿಗೆ ಗೊತ್ತಿರಲಿಲ್ಲ, ನನ್ನದು ಇಡೀ ಊರಿಗೆ ಗೊತ್ತಿತ್ತು. ಸರ್ ಹಲ್ಲು ಚುಚ್ಚಿಕೊಳ್ಳುತ್ತ ಹೊರಗೆ ಬಂದು, "ಶೇಂಗಾ ಹೋಳಿಗಿ ಏನ್ ಚಲೋ ಮಾಡ್ಯಾರ್ರೀ. ನಿಮಗ ಬಂದಿತ್ತಿಲ್ಲೋ?" ಎಂದರು. ಬಂದಿತ್ರಿ ಅಂದೆ. ನನ್ನ ಕೈಯಲ್ಲಿದ್ದ ತಟ್ಟೆಯನ್ನು ನೋಡಿದರು, ಒಳಗಿನ ಮೇಜನ್ನು ಒಮ್ಮೆ ತಿರುಗಿ ನೋಡಿದರು. "ಫೀಲ್ಡಿನ್ಯಾಗ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಾಕ್ಕೈತಿ" ಅಂದು ಜೀಪು ಹತ್ತಿದರು. ಅಸಮಾನತೆಯನ್ನು ಅಳೆಯುವ ಮಹಾಶಯರು! ಅವರ ಐದು ಗ್ಲಾಸುಗಳಲ್ಲಿ ಒಂದನ್ನಾದರೂ ಅವರ ಮುಂದೆಯೇ ಇಡಬೇಕಿತ್ತು.

ಆಮೇಲೆ ಕೇರಿಗೆ ಬಂದೆವು. ಅತ್ತೆಯ ಮನೆಯ ಅಂಗಳದಲ್ಲಿ ಮಣೆ ಹಾಕಿ, ಅದರ ಮೇಲೆ ಗ್ಲಾಸುಗಳನ್ನು ಸಾಲಾಗಿ ಜೋಡಿಸಿ, ನೀರು ತುಂಬಿ, ಹೇಗೆ ತೋರಿಸಬೇಕೆಂದು ವಿವರಿಸಿದೆ. ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಗ್ಲಾಸುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನನ್ನ ಕಡೆ ಬಗ್ಗಿ, ಸರ್‌ಗೆ ಕೇಳದ ಹಾಗೆ ಕೇಳಿದಳು.

"ಇದ್ರಾಗ ನಂದು ಯಾವುದು ಬೇ?"

"ನಿಂದಂತ ಯಾವುದೂ ಇಲ್ಲತ್ತಿ. ನಿನಗ ಹೆಂಗ ಅನಸ್ತೈತಿ ಹಂಗ ತೋರಸು."

"ಹಂಗ ಹೆಂಗ ಮುಟ್ಟಲಿ? ನಂದು ಯಾವುದಂತ ಮೊದಲ ಹೇಳು."

ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಒಂದು ಸಾಲಿನಲ್ಲಿ ಗ್ಲಾಸು ಇಟ್ಟಿದ್ದಾರೆಂದರೆ ಅದರಲ್ಲಿ ತನ್ನದು ಬೇರೆ ಇರಲೇಬೇಕು, ತಪ್ಪಿ ಇನ್ನೊಬ್ಬರದು ಮುಟ್ಟಿದರೆ ಅನರ್ಥ. ಅವಳ ಸ್ವಂತ ಅಂಗಳದಲ್ಲಿ, ಅವಳ ಸ್ವಂತ ಕೊಡದ ನೀರು ಅದು. ಕಡೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ನಾನು ಓದಿದ ಪ್ರತಿಯೊಂದು ವಾಕ್ಯಕ್ಕೂ ತುಂಬಿದ ಗ್ಲಾಸಿನ ಕಡೆ ಗೋಣು ಹಾಕಿದಳು. ದೊಡ್ಡವರು ದೊಡ್ಡವರಾಗಿರುವುದಕ್ಕೆ ಕಾರಣವಿದೆ. ಹೌದು, ತುಂಬಿದ್ದು. ಹೀಗೇ ಇದ್ದರೆ ಎಲ್ಲರಿಗೂ ಒಳ್ಳೆಯದು. ಹೌದ್ರಿ, ತುಂಬಿದ್ದು. ಸರ್ ಕುಣಿಯುವುದೊಂದು ಬಾಕಿ. "ಎಲ್ಲಾ ಫುಲ್! ಇಂಥ ಕ್ಲಿಯರ್ ಕೇಸ್ ಸಿಕ್ಕಿರಲಿಲ್ಲ" ಎಂದರು. ನನ್ನ ಅತ್ತೆ ಅವರಿಗೆ ಕೇಸ್.

ಬಿಸಿಲಿತ್ತು, ಸರ್‌ಗೆ ಬಾಯಾರಿತು. ಎದುರಿಗೇ ತುಂಬಿದ ಗ್ಲಾಸು. ಅದನ್ನು ಅವರು ನೋಡಿದರು, ನಾನೂ ನೋಡಿದೆ. ಬ್ಯಾಗಿನಿಂದ ತಮ್ಮ ಬಾಟಲಿ ತೆಗೆದು ಕುಡಿದರು. ಅವರು ಹೋದ ಮೇಲೆ ಅತ್ತೆಯೇ ಅವರ ಪರ ವಹಿಸಿದಳು. "ದೊಡ್ಡ ಮಂದಿ. ನಮ್ಮ ನೀರು ಹೊಂದಂಗಿಲ್ಲ ಅವರಿಗೆ."

ಇಷ್ಟೇ ಆಗಿದ್ದರೆ ನಾನು ನಕ್ಕು ಮರೆಯುತ್ತಿದ್ದೆ. ಆದರೆ ಅದೇ ವರ್ಷ ಹಾದಿಯ ಪ್ರಕರಣ ನಡೆಯಿತು.

ನಮ್ಮ ಕೇರಿಯ ಸ್ಮಶಾನ ಹೊಳೆಯ ಕಡೆಗಿದೆ. ಕೇರಿಯ ಹಿಂದಿನಿಂದ ನೇರವಾಗಿ ಒಂದು ಕಾಲುಹಾದಿ ಅಲ್ಲಿಗೆ ಹೋಗುತ್ತಿತ್ತು, ನಮ್ಮ ಅಜ್ಜ ಮುತ್ತಜ್ಜಂದಿರು ಹೋದದ್ದೆಲ್ಲ ಅದೇ ಹಾದಿಯಲ್ಲಿ. ಎರಡೂ ಕಡೆ ವಾಡೆಯ ಹೊಲ. ವರ್ಷ ವರ್ಷವೂ ನೇಗಿಲು ಅದನ್ನು ಅಷ್ಟಷ್ಟು ತಿನ್ನುತ್ತ ಬಂತು, ಆಮೇಲೆ ಸಣ್ಣ ಸಾಹುಕಾರ ಟ್ರ್ಯಾಕ್ಟರ್ ಹೊಡೆಸಿ, ಡ್ರಿಪ್ ಪೈಪು ಎಳೆಸಿ, ಇಡೀ ಹಾದಿಯ ಮೇಲೆ ಕಬ್ಬು ನಾಟಿಸಿದ. ಅಂದಿನಿಂದ ಕೇರಿಯಲ್ಲಿ ಯಾರಾದರೂ ಸತ್ತರೆ ಮೊದಲು ವಾಡೆಗೆ ಹೋಗಿ ಕೈಮುಗಿದು ನಿಲ್ಲಬೇಕು. ಅವರು ಹೂಂ ಅಂದರೆ ಕಬ್ಬಿನೊಳಗೆ ಬಗ್ಗಿಕೊಂಡು, ಎಲೆಯಿಂದ ಮುಖ ಕೊಯ್ಯಿಸಿಕೊಳ್ಳುತ್ತ ಹೆಣ ಒಯ್ಯಬೇಕು. ಅಪ್ಪ ಮತ್ತು ಕೇರಿಯ ಹುಡುಗರು ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದರು. ಅಳತೆಯವರು ಬಂದರು. ಹಳೆಯ ನಕ್ಷೆಯಲ್ಲಿ ಆ ಭಾಗ ಮಾಸಿಹೋಗಿತ್ತು. ಹಿರಿಯರು ಯಾರಾದರೂ ಇದ್ದರೆ ಕರೆಯಿರಿ, ಹಾದಿ ಇತ್ತೋ ಇಲ್ಲವೋ ಹೇಳಲಿ ಎಂದರು. ಅಪ್ಪ ಅರ್ಜಿದಾರ, ಅವನ ಮಾತು ನಡೆಯುವುದಿಲ್ಲ. ಕೇರಿಯಲ್ಲಿ ಎಲ್ಲರಿಗಿಂತ ಹಿರಿಯಳು ನಮ್ಮತ್ತೆ.

ಹೊಲದ ಬದುವಿನ ಮೇಲೆ ಎಲ್ಲರೂ ಸೇರಿದ್ದರು. ವಾಡೆಯ ಕಡೆಯಿಂದ ಸಣ್ಣ ಸಾಹುಕಾರ ಕೊಡೆ ಹಿಡಿಸಿಕೊಂಡು ನಿಂತಿದ್ದ. ಅತ್ತೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು.

"ಯವ್ವಾ, ಇಲ್ಲಿ ಹಾದಿ ಇತ್ತೇನು?" ಎಂದು ಅಳತೆಯವರು ಕೇಳಿದರು.

"ಹಾದಿ ಎಲ್ಲಿದ್ರಿ ಸಾಹೇಬ್ರ? ಸಾವಕಾರ್ರದು ದೊಡ್ಡ ಮನಸು. ಹೋಗಾಕ ಬಿಡತಿದ್ರು, ನಾವು ಹೋಗತಿದ್ವಿ."

ಅಪ್ಪನ ಮುಖ ನೋಡಲು ನನ್ನಿಂದಾಗಲಿಲ್ಲ. ತನ್ನ ತಂದೆಯನ್ನು ಅದೇ ಹಾದಿಯಲ್ಲಿ ಒಯ್ದದ್ದು ಅವಳಿಗೆ ಮರೆತಿರಲಿಲ್ಲ. ಆಗ ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲವೆಂಬುದೂ ಮರೆತಿರಲಿಲ್ಲ. ಅಳತೆಯವರು ಬರೆದುಕೊಂಡು ಹೋದರು, ಅರ್ಜಿ ಬಿದ್ದುಹೋಯಿತು. ನಮ್ಮ ಸತ್ತವರು ಇನ್ನು ಎಂದೆಂದಿಗೂ ವಾಡೆಯ ಹೂಂ ಕಾಯಬೇಕು.

ಮನೆಗೆ ಬಂದು ಅವಳ ಮೇಲೆ ಕೂಗಾಡಿದೆ. ಥೂ, ನೀನೂ ಒಂದು ಮನುಷ್ಯಳಾ ಅಂದೆ. ಅವಳು ರೊಟ್ಟಿ ತಟ್ಟುತ್ತಿದ್ದಳು, ತಟ್ಟುವುದನ್ನು ನಿಲ್ಲಿಸಲಿಲ್ಲ.

"ಹಾದಿ ನಮ್ಮದ ಅಂತ ಅಂದ್ರ, ಅವರು ಬಿಟ್ಟಿದ್ದು ಏನಾತು?" ಅಂದಳು. "ಇಷ್ಟು ವರ್ಷ ಅವರು ನಮಗ ಮಾಡಿದ್ದೆಲ್ಲಾ ಏನೂ ಅಲ್ಲ ಅಂದಂಗ ಆತಿಲ್ಲೋ?"

ನನಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಹಕ್ಕು ಎಂದು ಒಪ್ಪಿದರೆ ಉಪಕಾರ ಸುಳ್ಳಾಗುತ್ತದೆ. ಉಪಕಾರ ಸುಳ್ಳಾದರೆ ಅವಳ ಹತ್ತಿರ ಮತ್ತೇನು ಉಳಿಯುತ್ತದೆ? ಕಿವಿ ಮುರಿದ ಒಂದು ಕಪ್. ಅದಕ್ಕಾಗಿ ಇಡೀ ಕೇರಿಯ ಹೆಣಗಳನ್ನು ಒತ್ತೆ ಇಟ್ಟಳು ಮಹಾತಾಯಿ. ಈ ಮಾತನ್ನು ಫೋನಿನಲ್ಲಿ ಸರ್‌ಗೆ ಹೇಳಿದೆ. "ಇಂಟರೆಸ್ಟಿಂಗ್ ಐತಿ. ಆದ್ರ ಇದನ್ನ ಯಾವ ಗ್ಲಾಸಿಗೆ ಹಾಕೂಣು?" ಎಂದರು. ನಾನು ಗ್ಲಾಸುಗಳನ್ನು ಅವರ ಕೊಠಡಿಯಲ್ಲಿಟ್ಟು ಬಂದೆ, ಮತ್ತೆ ಹೋಗಲಿಲ್ಲ. ಆಮೇಲೆ ರಾಯಬಾಗದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು.

ಅತ್ತೆಯ ಮೊಣಕಾಲು ಹೋದವು. ಕೂತರೆ ಏಳಲಾರಳು. ವಾಡೆಯಲ್ಲಿ ಪಾತ್ರೆ ತೊಳೆಯುವ ಯಂತ್ರ ಬಂತು, ಹಿಂದಿನ ಬಾಗಿಲಿಗೆ ಬೇರೆ ಹೆಂಗಸು ಬಂದಳು. ಒಂದು ದಿನವಾದರೂ ಆ ಮನೆಯಿಂದ ಯಾರಾದರೂ ಬಂದು ಹೇಗಿದ್ದೀ ಎಂದು ಕೇಳಿದರೇ? ಇಲ್ಲ. ಮಗ ಲಾರಿಯ ಮೇಲೆ ಊರೂರು ತಿರುಗುತ್ತಿದ್ದ, ಸೊಸೆಯೇ ಅವಳನ್ನು ಎತ್ತಿ ಇಳಿಸಿ ಮಾಡುತ್ತಿದ್ದಳು. ಅತ್ತೆ ಮಾತ್ರ ಬಾಗಿಲಲ್ಲಿ ಕೂತು ದಾರಿ ನೋಡುತ್ತ, "ಅವರಿಗೆ ಕೆಲಸ ಭಾಳ ಇರ್ತಾವು. ಕಾರಖಾನಿ ಚಾಲೂ ಆಗೇತಿ, ಕಬ್ಬು ಹೊಂಟಾವು" ಎಂದು ತಾನೇ ಕಾರಣ ಹುಡುಕಿ ಕೊಡುತ್ತಿದ್ದಳು. ಕಾರಖಾನೆ ಬಂದ್ ಆದಾಗ ಕಾರಣ ಬೇರೆ ಇರುತ್ತಿತ್ತು. ದ್ರಾಕ್ಷಿಗೆ ಔಷಧಿ ಹೊಡೆಯುವುದು, ಮೊಮ್ಮಗಳ ಪರೀಕ್ಷೆ, ಮಳೆ. ಹಾದಿಯ ವಿಷಯವನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ರಜೆಗೆ ಹೋದಾಗ ನನ್ನ ಅಂಗೈಗಳನ್ನು ಹಿಡಿದು ಕೂಡಿಸಿ, "ಹಿಂಗಲ್ಲ, ಬಿಗಿ ಹಿಡಿ" ಎಂದು ಬೊಗಸೆ ಕಲಿಸಲು ನೋಡುತ್ತಿದ್ದಳು. ನಾನು ಕೈ ಕಸಿದುಕೊಳ್ಳುತ್ತಿದ್ದೆ.

ಕಬ್ಬು ಆಳೆತ್ತರ ದಾಟಿದ ಕಾಲದಲ್ಲಿ ಒಂದು ಬೆಳಿಗ್ಗೆ ಹೋದಳು. ನಾನು ರಾಯಬಾಗದಿಂದ ಬಂದು ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಸೊಸೆ ಅವಳ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದಳು. ಅಷ್ಟರಲ್ಲಿ ವಾಡೆಯ ಮುಕಾದಮ, ಅಂದರೆ ಆಳುಗಳ ಮೇಲಿನವನು, ಬಂದು, ಗಾಡಿಯಿಂದ ಇಳಿಯದೆಯೇ ಹೇಳಿದ. "ಸಣ್ಣ ಸಾವಕಾರ್ರು ಹೇಳಿ ಕಳಿಸ್ಯಾರ. ಅಕಿ ನಮ್ಮ ಮನಿ ಮನಷ್ಯಾಳು. ಕೇಳಾಕ ಬರೂದು ಬ್ಯಾಡ, ಕಬ್ಬಿನ್ಯಾಗ ಒಯ್ಯಾಕ ಪರವಾನಗಿ ಐತಿ."

ಕೇರಿಯವರಲ್ಲಿ ಕೆಲವರಿಗೆ ಸಮಾಧಾನವಾಯಿತು. ಕೇಳದೆಯೇ ಹೇಳಿ ಕಳಿಸಿದ್ದಾರೆ, ದೊಡ್ಡ ಮಾತು ಎಂದರು. ನಾನು ಏನೋ ಹೇಳಲು ಬಾಯಿ ತೆರೆದೆ. ಆದರೆ ಅಪ್ಪ ಎದ್ದು ನಿಂತಿದ್ದ.

"ಪರವಾನಗಿ ತಿರಗಿ ಒಯ್ಯಿ. ನಾವು ಊರ ಹಾದಿಗೆ ಹೋಗ್ತೀವಿ."

ಊರ ಹಾದಿ ಅಂದರೆ ಸುತ್ತಿನ ಹಾದಿ. ಕೇರಿಯಿಂದ ಕಾಲುವೆ ದಾಟಿ, ದೊಡ್ಡ ಓಣಿಯಲ್ಲಿ ವಾಡೆಯ ಮುಂದಿನ ಬಾಗಿಲು ಹಾಯ್ದು, ಬಸ್ ನಿಲ್ಲುವಲ್ಲಿಂದ ಹೊಳೆಯ ರಸ್ತೆಗೆ ತಿರುಗಬೇಕು. ಸರಕಾರಿ ರಸ್ತೆ, ಯಾರೂ ತಡೆಯುವಂತಿಲ್ಲ. ಆದರೂ ನಮ್ಮ ಕೇರಿಯ ಹೆಣ ಆ ಓಣಿಯಲ್ಲಿ ಹಾಯ್ದದ್ದು ಯಾರ ನೆನಪಿನಲ್ಲೂ ಇರಲಿಲ್ಲ.

"ಅಕಿ ಇದ್ದಿದ್ರ ಒಪ್ಪತಿದ್ದಿಲ್ಲ" ಎಂದು ಯಾರೋ ಹಿರಿಯರು ಗೊಣಗಿದರು.

"ನಮ್ಮಕ್ಕ ಇರೂತನಕಾ ಅವರ ಮಾತು ಕೇಳಿದ್ಲು. ಈಗ ನನ್ನ ಮಾತು ಕೇಳ್ತಾಳ" ಅಂದ ಅಪ್ಪ, ಚಟ್ಟದ ಮುಂದಿನ ತುದಿಗೆ ಹೆಗಲು ಕೊಟ್ಟ.

ಹಲಗೆ ಬಾರಿಸುತ್ತ ದೊಡ್ಡ ಓಣಿಗೆ ಬಂದೆವು. ಅಂಗಡಿಯವರು ಎದ್ದು ನಿಂತರು, ಯಾರೂ ಅಡ್ಡ ಬರಲಿಲ್ಲ. ವಾಡೆಯ ಮುಂದೆ ಬಂದಾಗ ಬೇಕೆಂದೇ ಹೆಗಲು ಬದಲಿಸಲು ನಿಂತರು ಹುಡುಗರು. ಮಹಡಿಯ ಮೇಲೆ ಕಿಟಕಿಗಳು ಒಂದರ ಹಿಂದೆ ಒಂದು ಮುಚ್ಚಿಕೊಂಡವು. ಮುಂದಿನ ಬಾಗಿಲು ಹಸಿರು ಬಣ್ಣದ್ದು, ಹಿತ್ತಾಳೆಯ ಹೂವು ಬಡಿದದ್ದು. ಚಪ್ಪಲಿ ಕೈಯಲ್ಲಿ ಹಿಡಿದು, ಗೋಣು ಬಗ್ಗಿಸಿ ಓಡಾಡಿದ ಹೆಂಗಸು ಈಗ ಅದರ ಎದುರು ನಾಲ್ಕು ಜನರ ಹೆಗಲಿನ ಮೇಲೆ, ಮುಖ ಮೇಲಕ್ಕೆ ಮಾಡಿ ಮಲಗಿದ್ದಳು. ನನಗೆ ಅಳು ಬಂತು. ಸಿಟ್ಟಿನಿಂದಲೋ ದುಃಖದಿಂದಲೋ ಹೇಳಲಾರೆ.

ಆಗ ಬಾಗಿಲು ಸ್ವಲ್ಪ ತೆರೆಯಿತು. ಒಳಗಿಂದ ಹೊಸ ಕೆಲಸದ ಹೆಂಗಸು ಬಂದು ನನ್ನ ಕೈಗೆ ಪ್ಲಾಸ್ಟಿಕ್ ಚೀಲವೊಂದನ್ನು ತುರುಕಿದಳು. "ಮನಿ ಅವ್ವಾರು ಕೊಟ್ರು. ಇದನ್ನೂ ಅಕೀ ಜೋಡಿ ಮಣ್ಣಾಗ ಹಾಕ್ರಿ ಅಂದಾರ" ಎಂದು ಹೇಳಿ, ಹಾಗೇ ಒಳಗೆ ಓಡಿ ಬಾಗಿಲು ಹಾಕಿಕೊಂಡಳು. ಚೀಲದಲ್ಲಿ ಅತ್ತೆಯ ಕಪ್ ಇತ್ತು. ಸತ್ತವಳಿಗೆ ಒಂದು ಹೂವು ಕಳಿಸಲಿಲ್ಲ ಪುಣ್ಯಾತ್ಮರು, ಗೂಡು ಖಾಲಿ ಮಾಡಿಕೊಂಡರು. ನಾನು ಅದನ್ನು ಮಣ್ಣಿಗೆ ಹಾಕಲಿಲ್ಲ. ನನ್ನ ಬ್ಯಾಗಿಗೆ ಹಾಕಿಕೊಂಡೆ.

ಆ ಮಳೆಗಾಲದಲ್ಲೇ ಕೇರಿಯಲ್ಲಿ ಇನ್ನೊಬ್ಬ ಮುದುಕ ತೀರಿದ. ಯಾರೂ ಪರವಾನಗಿ ಕೇಳಲು ಹೋಗಲಿಲ್ಲ. ಮತ್ತೆ ಹಲಗೆ, ಮತ್ತೆ ದೊಡ್ಡ ಓಣಿ, ಮತ್ತೆ ಹಸಿರು ಬಾಗಿಲಿನ ಮುಂದೆ ಹೆಗಲು ಬದಲಿಸುವುದು. ಅವತ್ತು ವಾಡೆಯಲ್ಲಿ ಸಣ್ಣ ಸಾಹುಕಾರನ ಮಗಳನ್ನು ನೋಡಲು ಸಾಂಗಲಿಯಿಂದ ವರನ ಕಡೆಯವರು ಬಂದು ಕೂತಿದ್ದರಂತೆ. ಅಷ್ಟೇ ಸಾಕಾಯಿತು. ಅರ್ಜಿಗೆ ಆಗದ್ದು, ಅಳತೆಗೆ ಆಗದ್ದು ಎರಡು ಹೆಣಗಳಿಂದ ಆಯಿತು. ಕಬ್ಬು ಕಡಿದ ಕೂಡಲೇ ಜೆಸಿಬಿ ಬಂದು, ಪೈಪು ಕಿತ್ತು, ಕೇರಿಯ ಹಿಂದಿನಿಂದ ಹೊಳೆಯವರೆಗೆ ಗಾಡಿ ಹೋಗುವಷ್ಟು ಅಗಲದ ಹಾದಿ ಮಾಡಿ, ಮೇಲೆ ಗರಸು ಮಣ್ಣು ಹಾಕಿತು. ನಮ್ಮ ಮೇಲಿನ ಪ್ರೀತಿಯಿಂದಲ್ಲ, ನಮ್ಮ ಸತ್ತವರ ಮುಖ ನೋಡುವುದು ತಪ್ಪಲೆಂದು. ಅಪ್ಪ ಆ ಹಾದಿಯನ್ನು ದಾನ ಅನ್ನಿಸಿಕೊಳ್ಳಲು ಬಿಡಲಿಲ್ಲ. ಪಂಚಾಯತಿಯಲ್ಲಿ ಸಾರ್ವಜನಿಕ ಹಾದಿ ಎಂದು ಬರೆಸಿದ ಮೇಲೆಯೇ ಅದರ ಮೇಲೆ ಕಾಲಿಟ್ಟ.

ದಾನ ಎಂದು ಹೇಳಿಕೊಳ್ಳುವುದನ್ನು ಮಾತ್ರ ಯಾರು ತಡೆದಾರು? ಸಣ್ಣ ಸಾಹುಕಾರ ಚುನಾವಣೆಗೆ ನಿಲ್ಲುವ ತಯಾರಿಯಲ್ಲಿದ್ದ. ಬಿಳಿ ಅಂಗಿ ತೊಟ್ಟು, ಫೋನು ಹಿಡಿದ ಹಿಂಬಾಲಕರನ್ನು ಕರೆದುಕೊಂಡು ಹಾದಿಗೆ ರಿಬ್ಬನ್ ಕತ್ತರಿಸಲು ಬಂದ. ಭಾಷಣದಲ್ಲಿ ನಮ್ಮತ್ತೆಯನ್ನು ನೆನೆದ. ತಾಯಿಯಂತಿದ್ದಳು ಅಂದ. ಆಮೇಲೆ, "ಇವತ್ತು ಕೇರಿಯೊಳಗ ಕುಂತು ಚಹಾ ಕುಡ್ದ ಹೋಗಾಂವ" ಎಂದು ಘೋಷಿಸಿ ನೇರವಾಗಿ ನಮ್ಮ ಅಂಗಳಕ್ಕೆ ಬಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ. ಫೋನುಗಳೆಲ್ಲ ಮೇಲೆದ್ದವು.

ಚಹಾ ನಾನೇ ಮಾಡಿದೆ. ಶುಂಠಿ ಜಜ್ಜಿ ಹಾಕಿ, ಹಾಲು ಧಾರಾಳ ಹಾಕಿ, ಚಲೋ ಮಾಡಿದೆ. ಎಲ್ಲರಿಗೂ ನಮ್ಮ ಮನೆಯ ಸ್ಟೀಲ್ ಲೋಟ. ಅವನಿಗೆ ಅತ್ತೆಯ ಕಪ್, ಬೂದಿ ಹಚ್ಚಿ ಫಳಫಳ ಹೊಳೆಯುವಂತೆ ತೊಳೆದದ್ದು.

ಅವನು ಜನರ ಕಡೆ ನೋಡಿ ನಗುತ್ತಲೇ ಕೈ ಚಾಚಿದ. ಬೆರಳು ಕಪ್ಪಿನ ಕಿವಿ ಹುಡುಕಿತು, ಮೋಟು ಸಿಕ್ಕಿತು. ಕೆಳಗೆ ನೋಡಿದ. ನೀಲಿ ಹೂವು ನೋಡಿದ. ನಗು ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣುಗಳು ಮಾತ್ರ ನನ್ನ ಕಡೆ ಬಂದವು. ಗೊತ್ತಾಗಿತ್ತು ಅವನಿಗೆ. ತಾನೇ ಮುರಿದದ್ದು ಗೊತ್ತಾಗದೇ ಇರುತ್ತದೆಯೇ?

"ಕುಡೀರಿ ಸಾವಕಾರ್ರ, ಆರಿ ಹೊಕ್ಕೈತಿ" ಎಂದೆ.

ಇಳಿಸುವಂತಿಲ್ಲ, ಫೋನುಗಳಿವೆ. ಕುಡಿದ. ಗುಟುಕು ಗುಟುಕಾಗಿ, ತಳ ಕಾಣುವವರೆಗೆ ಕುಡಿದ. ಆ ಕಪ್ಪಿಗೆ ನಮ್ಮತ್ತೆಯದಲ್ಲದ ಬಾಯಿ ತಾಗಿದ್ದು ಅದೇ ಮೊದಲು. ಅಪ್ಪ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ, ಬಹಳ ವರ್ಷಗಳ ಮೇಲೆ ಅವನು ನಕ್ಕಿದ್ದು ಕಂಡೆ.

ನಾನೂ ನಗಬೇಕಿತ್ತು. ಓದಿಸಿದ ಋಣ ಅವಳದು, ಈ ಹಾದಿಯ ಋಣವೂ ಅವಳದೇ. ಬದುಕಿದ್ದಾಗ ಕಳೆದದ್ದನ್ನು ಸತ್ತು ತಂದುಕೊಟ್ಟಳು. ಆದರೆ ಖಾಲಿ ಕಪ್ ತೆಗೆದುಕೊಂಡು ಒಳಗೆ ಬಂದಾಗ ಒಲೆಯ ಹತ್ತಿರ ಅವಳೇ ಕೂತಿದ್ದ ಹಾಗೆ, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣು ಅಗಲಿಸಿ ನನ್ನನ್ನು ಬೈದ ಹಾಗೆ ಸ್ಪಷ್ಟವಾಗಿ ಕೇಳಿಸಿತು.

"ಖೋಡಿ, ಎಂಥಾ ಕೆಲಸ ಮಾಡಿದಿ! ಸಣ್ಣ ಸಾವಕಾರ್ರದು ಯಾವುದಂತ ಮೊದಲ ಕೇಳಬಾರದೇನ ಬೇ?"